ದೊಡ್ಡ ಕಣ್ಣಿನ ಬಲೆ

ಹೊನ್ನಾಳಿಯ ಹೊಳೆಗೆ, ಚನ್ನಗಿರಿಯ ಸೂಳೆಕೆರೆಗೆ ಇಳಿಸುವ ಬಲೆಗಳಲ್ಲಿ ನನಗೆ ಇಷ್ಟವಾದದ್ದು ದೊಡ್ಡ ಕಣ್ಣಿನ ಕಿವಿರು ಬಲೆ. ಗಂಟಿನಿಂದ ಗಂಟಿಗೆ ಅಳತೆ ತಪ್ಪದ ಹೆಣಿಗೆ. ತಲೆ ತೂರಿಸಿದ ಕಾಟ್ಲಾ ಮುಂದೆ ಹೋಗಲಾರದು. ಹಿಂದೆ ಸರಿದರೆ ಕಿವಿರಿನ ಮುಚ್ಚಳಕ್ಕೆ ನೂಲು ಸಿಕ್ಕಿಕೊಳ್ಳುತ್ತದೆ. ಬೆರಳುದ್ದದ ಮರಿ ಮಾತ್ರ ಸಲೀಸಾಗಿ ಆಚೆ ದಾಟುತ್ತದೆ. ಎಷ್ಟು ಚೆಂದದ ಲೆಕ್ಕಾಚಾರ!

ಆ ಮರಿ ಮಹಶೀರ್‌ನದ್ದೂ ಆಗಿರಬಹುದು. ಶೃಂಗೇರಿಯ ಮಠದ ಮೆಟ್ಟಿಲ ಬಳಿ ಅದು ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಅದೇ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ಹೊನ್ನಾಳಿಗೆ ಬರುವಾಗ ಕಾಯಲು ಮಠವಿಲ್ಲ; ಬಲೆಯೇ ಕಾಯಬೇಕು.

ಕಡಲಿನ ಟ್ರಾಲ್ ಬಲೆಯ ತುದಿಚೀಲಕ್ಕೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಚೌಕ ಕಣ್ಣು ಸೂಚಿಸಿದ್ದೂ ಇಂಥ ಕಾಳಜಿಯಿಂದಲೇ. ಎಳೆದಾಗ ವಜ್ರಾಕಾರದ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುತ್ತದೆ.

ಆದರೆ ಬಲೆಗೆ ಗಾತ್ರ ಗೊತ್ತು, ಜಾತಿ ಗೊತ್ತಿಲ್ಲ. ಬೆಳೆದ ಮಹಶೀರ್ ಸಿಕ್ಕರೆ ಉಳಿದ ಕೆಲಸ ಕೈಯದು. ರಾತ್ರಿಯಿಡೀ ಬಿಟ್ಟ ಬಲೆಯಲ್ಲಿ ಅದು ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಆಗಾಗ ಎತ್ತಿ ನೋಡಿ, ಒದ್ದೆ ಕೈಯಲ್ಲಿ ಹಿಡಿದು, ಕಿವಿರು ಹರಿಯದಂತೆ ನೂಲು ಬಿಡಿಸುವ ಮೀನುಗಾರನ ಬೆರಳುಗಳಿಗೆ ನನ್ನ ಮೆಚ್ಚುಗೆ ಬಲೆಗಿಂತ ಒಂದು ಪಾಲು ಹೆಚ್ಚೇ.