ಪಕ್ಕವಾದ್ಯಕ್ಕೆ ಕೊಟ್ಟ ಬೆಲೆ

2012ರ ಜುಲೈ. ಬ್ಯಾಸ್ಕೆಟ್‌ಬಾಲ್ ಆಟಗಾರ ರೇ ಅಲೆನ್ ಅವರಿಗೆ 37 ತುಂಬುವುದರಲ್ಲಿತ್ತು. ಕಣಕಾಲಿಗೆ ಆಗಷ್ಟೇ ಶಸ್ತ್ರಚಿಕಿತ್ಸೆಯಾಗಿತ್ತು. ಐದು ವರ್ಷ ಆಡಿದ್ದ, 2008ರಲ್ಲಿ ಚಾಂಪಿಯನ್ ಪಟ್ಟ ತಂದುಕೊಟ್ಟಿದ್ದ ಬಾಸ್ಟನ್ ಸೆಲ್ಟಿಕ್ಸ್ ವರ್ಷಕ್ಕೆ ಸುಮಾರು 60 ಲಕ್ಷ ಡಾಲರ್ ಕೊಡಲು ಸಿದ್ಧವಿತ್ತು. ಮಯಾಮಿ ಹೀಟ್ ಕೊಡಲು ಸಾಧ್ಯವಿದ್ದದ್ದು ಅದರ ಅರ್ಧದಷ್ಟು. ಅಲೆನ್ ಆ ಅರ್ಧವನ್ನೇ ಆರಿಸಿಕೊಂಡು ದಕ್ಷಿಣಕ್ಕೆ ಹೊರಟರು. ಬಾಸ್ಟನ್ನಿನ ಅಭಿಮಾನಿಗಳು ಅದನ್ನು ದ್ರೋಹ ಎಂದರು. ಕಡಿಮೆ ಹಣಕ್ಕೆ ದೊಡ್ಡ ಹೆಸರು ಸಿಕ್ಕಿತೆಂದು ಮಯಾಮಿಯವರು ಹಿಗ್ಗಿದರು. ವಯಸ್ಸಾದ ಆಟಗಾರನನ್ನು ತಂಡಕ್ಕೆ ಸೇರಿಸಿಕೊಳ್ಳುವ ಪರಿಪಾಠವನ್ನು ತೂಗಿ ನೋಡಲು ಈ ಎರಡೂ ಮಾತು ಸಾಲವು.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಈ ಪದ್ಧತಿ ಹೊಸದೆನಿಸಬಹುದು. ಒಪ್ಪಂದ ಮುಗಿದ ಆಟಗಾರ ಅಲ್ಲಿ ಫ್ರೀ ಏಜೆಂಟ್ ಆಗುತ್ತಾನೆ. ಎಲ್ಲಿ ಆಡಬೇಕೆಂಬ ಆಯ್ಕೆ ಅವನದು. ಆದರೆ ತಂಡಗಳ ಕೈ ಕಟ್ಟಿರುತ್ತದೆ. ಸಂಬಳಕ್ಕೆ ಮಿತಿಯಿದೆ, ಮಿತಿ ಮೀರಿ ಖರ್ಚು ಮಾಡಿದವರಿಗೆ ತೆರಿಗೆಯಿದೆ. ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಬಾಶ್ ಮೂವರನ್ನೂ 2010ರಲ್ಲಿ ಒಂದೆಡೆ ಸೇರಿಸಿದ್ದ ಮಯಾಮಿಗೆ ಉಳಿದಿದ್ದದ್ದು ಚಿಲ್ಲರೆ. 2011ರ ಫೈನಲ್ಸ್‌ನಲ್ಲಿ ಡಲ್ಲಾಸ್ ಎದುರು 4-2ರಿಂದ ಸೋತಾಗ ಮೂವರು ದಿಗ್ಗಜರಿದ್ದರೂ ಸಾಲದು ಎಂಬುದು ಬಯಲಾಯಿತು. ಲೀಗ್ ಮತ್ತು ಆಟಗಾರರ ನಡುವೆ ಅದೇ ವರ್ಷ ಜಾರಿಗೆ ಬಂದ ಹೊಸ ಒಪ್ಪಂದದಲ್ಲಿ, ತೆರಿಗೆ ಕಟ್ಟುವ ತಂಡಕ್ಕೂ ವರ್ಷಕ್ಕೆ ಸುಮಾರು 30 ಲಕ್ಷ ಡಾಲರಿನ ಒಂದು ಸಣ್ಣ ವಿನಾಯಿತಿ ಇತ್ತು. ಮಯಾಮಿ 2011ರ ಡಿಸೆಂಬರಿನಲ್ಲಿ ಅದನ್ನು ಶೇನ್ ಬ್ಯಾಟಿಯರ್ ಅವರಿಗೆ ಕೊಟ್ಟಿತು. ಮರುವರ್ಷ ಅಲೆನ್ ಅವರಿಗೆ.

ಬ್ಯಾಸ್ಕೆಟ್‌ಬಾಲ್ ಭಾಷೆಯಲ್ಲಿ ಇಂಥವರು ರೋಲ್ ಪ್ಲೇಯರ್. ನಮ್ಮ ಸಂಗೀತ ಕಚೇರಿಯಲ್ಲಿ ಇದಕ್ಕೆ ಒಪ್ಪುವ ಮಾತೊಂದಿದೆ: ಪಕ್ಕವಾದ್ಯ. ಕಚೇರಿ ನಡೆಯುವುದು ಹಾಡುವವರ ಹೆಸರಿನಲ್ಲಿ. ಆದರೆ ಎಲ್ಲಿ ನುಡಿಸಬೇಕು, ಎಲ್ಲಿ ಕೈ ತಡೆದು ಸುಮ್ಮನಿರಬೇಕು ಎಂಬುದು ಮೃದಂಗದವರಿಗೆ ತಿಳಿಯದಿದ್ದರೆ ಹಾಡುವವರ ದಮ್ಮು ಕರಗುತ್ತದೆ. ಅನುಭವಿ ಪಕ್ಕವಾದ್ಯಗಾರನಿಂದ ನಾವು ಬಯಸುವುದು ಆ ತಿಳಿವನ್ನು.

ಬ್ಯಾಟಿಯರ್ ಈ ತಿಳಿವಿನ ಮೂರ್ತಿಯಂತಿದ್ದರು. 2009ರಲ್ಲಿ ಲೇಖಕ ಮೈಕೆಲ್ ಲೂಯಿಸ್ ಬ್ಯಾಟಿಯರ್ ಬಗ್ಗೆ ಬರೆದ ಪ್ರಸಿದ್ಧ ಲೇಖನದ ತಿರುಳೇ ಇದು: ಅಂಕಪಟ್ಟಿಯಲ್ಲಿ ಈ ಮನುಷ್ಯ ಕಾಣುವುದಿಲ್ಲ, ಆದರೆ ಅವರು ಕೋರ್ಟಿನಲ್ಲಿದ್ದಾಗ ಅವರ ತಂಡ ಸುಧಾರಿಸುತ್ತದೆ, ಎದುರಾಳಿ ಮಂಕಾಗುತ್ತಾನೆ. ಎದುರಾಳಿ ತಾರೆ ಕೋಬಿ ಬ್ರಯಾಂಟ್ ಚೆಂಡು ಎತ್ತಿದಾಗ ಬ್ಯಾಟಿಯರ್ ಚೆಂಡಿಗೆ ಕೈ ಹಾಕುತ್ತಿರಲಿಲ್ಲ. ಕಣ್ಣಿಗೆ ಅಡ್ಡವಾಗಿ ಅಂಗೈ ಹಿಡಿಯುತ್ತಿದ್ದರು. ಎದುರಾಳಿಗೆ ಯಾವ ಜಾಗ ಅಪ್ರಿಯವೋ ಅಲ್ಲಿಗೇ ಅವನನ್ನು ತಳ್ಳುತ್ತಿದ್ದರು.

ಮಯಾಮಿಗೆ ಬಂದಾಗ ಅವರಿಗೆ 33. ಕಾಲಿನ ವೇಗ ಇಳಿದಿತ್ತು. 2012ರ ಪ್ಲೇಆಫ್‌ನಲ್ಲಿ ಬಾಶ್ ಗಾಯಗೊಂಡಾಗ ತಂಡದ ಅಡಿಪಾಯವೇ ಅಲುಗಿತು. ಆಗ ಕೋಚ್ ಎರಿಕ್ ಸ್ಪೋಲ್‌ಸ್ಟ್ರಾ, ಬ್ಯಾಟಿಯರ್ ಅವರನ್ನು ಅವರಿಗಿಂತ ಭಾರದ ಆಟಗಾರರನ್ನು ತಡೆಯುವ ಕೆಲಸಕ್ಕೆ ಹಚ್ಚಿದರು. ಇಂಡಿಯಾನಾದ ಡೇವಿಡ್ ವೆಸ್ಟ್ ಅವರಂಥ ಗಟ್ಟಿಗರು ರಿಂಗಿನ ಬಳಿ ಬೆನ್ನು ಕೊಟ್ಟು ನೂಕುವಾಗ ಆ ಪೆಟ್ಟನ್ನೆಲ್ಲ ಬ್ಯಾಟಿಯರ್ ತಿಂದರು. ಜೇಮ್ಸ್ ಅವರ ಮೈಯಲ್ಲಿ ಕಸುವು ಉಳಿಯಿತು. ಇತ್ತ ಮಯಾಮಿ ಆಡುವಾಗ ಬ್ಯಾಟಿಯರ್ ಮೂರು ಅಂಕದ ಗೆರೆಯಾಚೆ ಹೋಗಿ ನಿಲ್ಲುತ್ತಿದ್ದರು. ಅವರನ್ನು ಕಾಯಲು ಎದುರಾಳಿಯೊಬ್ಬ ಹೊರಗೆ ಬರಲೇಬೇಕು. ರಿಂಗಿನ ಕೆಳಗೆ ಜೇಮ್ಸ್, ವೇಡ್ ನುಗ್ಗಲು ದಾರಿ ತೆರೆಯುತ್ತಿತ್ತು. ಆ ವರ್ಷದ ಫೈನಲ್ಸ್‌ನಲ್ಲಿ ಬ್ಯಾಟಿಯರ್ 26 ಮೂರಂಕದ ಎಸೆತಗಳಲ್ಲಿ 15 ಹಾಕಿದರು. ಮಯಾಮಿ ಆಮೇಲೆ ಆಡಿದ ಶೈಲಿಯೇ ಈ ಹೊಂದಾಣಿಕೆಯಿಂದ ಹುಟ್ಟಿತು. ಸಣ್ಣ ವಿನಾಯಿತಿಯ ಹಣದಲ್ಲಿ ಸಿಕ್ಕದ್ದು ಒಂದು ಆಟದ ವ್ಯಾಕರಣ.

ಅಲೆನ್ ಅವರ ಕತೆ ಬೇರೆ. ಅವರು ಬದುಕಿಡೀ ಮುಖ್ಯಗಾಯಕರಾಗಿದ್ದವರು. ರೆಜಿ ಮಿಲ್ಲರ್ ಅವರ 2,560 ಮೂರಂಕದ ಎಸೆತಗಳ ದಾಖಲೆಯನ್ನು 2011ರ ಫೆಬ್ರವರಿಯಲ್ಲಿ ದಾಟಿದ್ದವರು. ಮಯಾಮಿಯಲ್ಲಿ ಬೆಂಚಿನಿಂದ ಎದ್ದು ಬರಬೇಕಿತ್ತು. ಹಿಂದಿನ ವರ್ಷ 14.2 ಇದ್ದ ಅವರ ಅಂಕಗಳ ಸರಾಸರಿ 10.9ಕ್ಕೆ ಇಳಿಯಿತು. ಸರಾಸರಿಯೊಂದನ್ನೇ ನೋಡುವವರಿಗೆ ಇದು ಇಳಿಜಾರು. ಆದರೆ ಮೂರಂಕದ ಎಸೆತಗಳಲ್ಲಿ ಶೇಕಡಾ 41.9 ರಿಂಗಿಗೆ ಬಿದ್ದವು. ಮಯಾಮಿ ಅವರಿಗೆ ಒಪ್ಪಿಸಿದ್ದ ಕೆಲಸ ಅದೇ.

2013ರ ಜೂನ್ 18, ಫೈನಲ್ಸ್‌ನ ಆರನೇ ಪಂದ್ಯ. ಸ್ಯಾನ್ ಆಂಟೋನಿಯೊ ಸ್ಪರ್ಸ್ ಸರಣಿಯಲ್ಲಿ 3-2 ಮುಂದು, ಪಂದ್ಯದಲ್ಲಿ 95-92 ಮುಂದು. ಪ್ರಶಸ್ತಿ ಪ್ರದಾನಕ್ಕೆಂದು ಕೋರ್ಟಿನ ಸುತ್ತ ಹಳದಿ ಹಗ್ಗ ಎಳೆಯುವ ಸಿದ್ಧತೆ ನಡೆದಿತ್ತು. ಜೇಮ್ಸ್ ಎಸೆತ ತಪ್ಪಿತು. ಸ್ಪರ್ಸ್‌ನ ಎತ್ತರದ ಆಟಗಾರ ಟಿಮ್ ಡಂಕನ್ ಬೆಂಚಿನಲ್ಲಿದ್ದರು; ರಿಬೌಂಡ್ ಬಾಶ್ ಕೈಗೆ ಸಿಕ್ಕಿತು. ಆ ಹೊತ್ತಿಗೆ ಅಲೆನ್ ಬಲಮೂಲೆಯತ್ತ ಹಿಮ್ಮುಖವಾಗಿ ಓಡುತ್ತಿದ್ದರು. ಕೆಳಗೆ ನೋಡಲಿಲ್ಲ. ಗೆರೆಯಾಚೆ ಪಾದ ಊರಿದರು, ಚೆಂಡು ಬಂತು, ಎಸೆದರು. 5.2 ಸೆಕೆಂಡು ಉಳಿದಿದ್ದಾಗ 95-95. ಹೆಚ್ಚುವರಿ ಅವಧಿಯಲ್ಲಿ ಮಯಾಮಿ 103-100ರಿಂದ ಗೆದ್ದಿತು.

ಇದನ್ನು ಅದೃಷ್ಟ ಎನ್ನುವವರಿಗೆ ಅಲೆನ್ ಅವರ ಅಭ್ಯಾಸ ಗೊತ್ತಿರಬೇಕು. ನೆಲದ ಮೇಲೆ ಮಲಗಿ, ಥಟ್ಟನೆ ಎದ್ದು, ಮೂಲೆಗೆ ಹಿಮ್ಮುಖವಾಗಿ ಓಡಿ, ಗೆರೆ ತುಳಿಯದೆ ನಿಂತು ಎಸೆಯುವ ಸಾಧನೆಯನ್ನು ಅವರು ವರ್ಷಗಟ್ಟಲೆ ಮಾಡಿಕೊಂಡು ಬಂದಿದ್ದರು. ಪಂದ್ಯಕ್ಕೆ ಗಂಟೆಗಟ್ಟಲೆ ಮುಂಚೆ, ಖಾಲಿ ಅಂಗಣದಲ್ಲಿ. ಗೆರೆ ಎಲ್ಲಿದೆ ಎಂಬುದು ಅವರ ಕಾಲಿಗೆ ಗೊತ್ತಿತ್ತು. ಎರಡು ದಿನದ ನಂತರ ಏಳನೇ ಪಂದ್ಯ. ಬಾಶ್ ಒಂದೂ ಅಂಕ ಗಳಿಸಲಿಲ್ಲ. ಆ ಪ್ಲೇಆಫ್‌ನುದ್ದಕ್ಕೂ ಗುರಿ ತಪ್ಪಿ, ಆಡುವ ಅವಕಾಶವನ್ನೇ ಕಳೆದುಕೊಳ್ಳುತ್ತಿದ್ದ ಬ್ಯಾಟಿಯರ್ ಎಂಟರಲ್ಲಿ ಆರು ಮೂರಂಕ ಹಾಕಿ 18 ಅಂಕ ಗಳಿಸಿದರು. ಮಯಾಮಿ 95-88ರಿಂದ ಚಾಂಪಿಯನ್. ಬೆಂಚಿನಲ್ಲಿ ಕುಳಿತ ದಿನಗಳು ಬ್ಯಾಟಿಯರ್ ಕೈಯನ್ನು ಕೆಡಿಸಿರಲಿಲ್ಲ. ಹಿರಿಯರ ಸಿದ್ಧತೆ ಎಂದರೆ ಇದು. ಇದು ಕಲಿಸಿ ಬರುವುದಲ್ಲ, ಕಾದು ಬರುವುದು.

ಹಾಗೆಂದು ಈ ಪರಿಪಾಠವನ್ನು ಹಾಡಿ ಹೊಗಳಿ ಸುಮ್ಮನಾಗಲು ಮನಸ್ಸು ಒಪ್ಪದು. ಮರುವರ್ಷ ಮಯಾಮಿ ಅದೇ ಹಿರಿಯರನ್ನು ನೆಚ್ಚಿಕೊಂಡಿತು. 2012ರ ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ ಏಳು ಮೂರಂಕ ಹಾಕಿದ್ದ ಮೈಕ್ ಮಿಲ್ಲರ್ ಅವರನ್ನು ತೆರಿಗೆ ಉಳಿಸಲೆಂದು ಬಿಟ್ಟುಕೊಟ್ಟಿತು. 2014ರ ಫೈನಲ್ಸ್‌ನಲ್ಲಿ ಸ್ಪರ್ಸ್ 4-1ರಿಂದ ಹೊಸಕಿ ಹಾಕಿತು. ಬ್ಯಾಟಿಯರ್ ನಿವೃತ್ತರಾದರು, ಅಲೆನ್ ಮತ್ತೆ ಆಡಲಿಲ್ಲ, ಜೇಮ್ಸ್ ಕ್ಲೀವ್‌ಲ್ಯಾಂಡಿಗೆ ಮರಳಿದರು. ಹಳಬರು ಕೊಟ್ಟ ನೆರಳಲ್ಲಿ ಹೊಸ ಸಸಿಗಳು ಬೆಳೆದಿರಲಿಲ್ಲ. 2014ರ ಆ ಫೈನಲ್ಸ್‌ನ ದಿಕ್ಕು ಬದಲಿಸಿದವರಲ್ಲಿ ಒಬ್ಬರು 32ರ ಬೋರಿಸ್ ಡಿಯಾವ್. 2012ರಲ್ಲಿ ಷಾರ್ಲಟ್ ತಂಡ ಬೇಡವೆಂದು ಬಿಟ್ಟ ಅವರನ್ನು ಸ್ಪರ್ಸ್ ಸೇರಿಸಿಕೊಂಡಿತ್ತು. ಮೂರನೇ ಪಂದ್ಯದಿಂದ ಅವರನ್ನು ಆರಂಭದಲ್ಲೇ ಇಳಿಸಿದ ಮೇಲೆ ಸ್ಪರ್ಸ್ ಚೆಂಡು ಕೈಯಿಂದ ಕೈಗೆ ಹರಿಯಿತು. ಮಯಾಮಿ ಕಲಿಸಿದ ಪಾಠವನ್ನು ಎದುರಾಳಿ ಇನ್ನೂ ಚೆನ್ನಾಗಿ ಒಪ್ಪಿಸಿತು.

ಪರಿಪಾಠ ಕೆಟ್ಟಾಗ ಹೇಗಿರುತ್ತದೆ ಎಂಬುದಕ್ಕೆ 2021ರ ಲಾಸ್ ಏಂಜಲೀಸ್ ಲೇಕರ್ಸ್ ಸಾಕ್ಷಿ. ಕಾರ್ಮೆಲೊ ಆಂಥನಿ, ಡ್ವೈಟ್ ಹೊವಾರ್ಡ್, ರಾಜನ್ ರಾಂಡೊ, ಡಿಆಂಡ್ರೆ ಜೋರ್ಡಾನ್, ಟ್ರೆವರ್ ಅರೀಜಾ. ಹೆಸರುಗಳನ್ನು ಓದಿದರೆ ಹತ್ತು ವರ್ಷ ಹಿಂದಿನ ಎನ್‌ಬಿಎ ನೆನಪಾಗುತ್ತದೆ. ಕನಿಷ್ಠ ಸಂಬಳದ ಒಂದು ವರ್ಷದ ಒಪ್ಪಂದಕ್ಕೆ ಹಿರಿಯರನ್ನು ತೆಗೆದುಕೊಂಡರೆ ಖರ್ಚಿನ ಒಂದು ಪಾಲನ್ನು ಲೀಗ್ ಭರಿಸುತ್ತದೆ; ಹಾಗಾಗಿ ಹಳೆಯ ಹೆಸರು ಅಗ್ಗವಾಗಿ ಸಿಗುತ್ತದೆ. ಆದರೆ ಎದುರಾಳಿಯ ಬೆನ್ನು ಬಿಡದೆ ಕಾಯುತ್ತಿದ್ದ ಅಲೆಕ್ಸ್ ಕರೂಸೊ ಅವರನ್ನು ಲೇಕರ್ಸ್ ಅದೇ ಬೇಸಿಗೆಯಲ್ಲಿ ಷಿಕಾಗೊಗೆ ಹೋಗಲು ಬಿಟ್ಟಿತು. ಗಾಯಗಳೂ ಕಾಡಿದವು, ನಿಜ. ಆಂಥನಿ 13.3ರ ಸರಾಸರಿಯಲ್ಲಿ ಅಂಕವನ್ನೂ ಗಳಿಸಿದರು. ಆದರೂ 33 ಗೆಲುವು, 49 ಸೋಲು, ಪ್ಲೇಆಫ್ ಕೈತಪ್ಪಿತು. ಕಚೇರಿಗೆ ಬೇಕಾದದ್ದು ಮೃದಂಗ; ಅವರು ಗಾಯಕರನ್ನೇ ಕರೆತಂದು ಸಾಲಾಗಿ ಕೂರಿಸಿದ್ದರು.

ಹಿರಿಯ ಆಟಗಾರನ ಒಪ್ಪಂದವನ್ನು ಅಳೆಯಲು ಕೊನೆಯ ಎಸೆತದವರೆಗೆ ಕಾಯಬೇಕಿಲ್ಲ ಎಂಬುದು ನನ್ನ ನಂಬಿಕೆ. ಸಹಿ ಬೀಳುವ ದಿನವೇ ಕೇಳಬಹುದು: ತಂಡ ಮೊದಲು ಗೊತ್ತುಮಾಡಿದ್ದು ಕೆಲಸವನ್ನೋ ಹೆಸರನ್ನೋ? ಬ್ಯಾಟಿಯರ್ ಬರುವ ಮೊದಲೇ ಮಯಾಮಿಗೆ ತನ್ನ ಕೊರತೆ ಗೊತ್ತಿತ್ತು. ಅಲೆನ್ ಸಹಿ ಹಾಕುವಾಗ ಅವರಿಗೆ ಮೂಲೆಯ ಆ ಜಾಗ ಕಾದಿತ್ತು. ಆರನೇ ಪಂದ್ಯದಲ್ಲಿ ಚೆಂಡು ರಿಂಗಿಗೆ ತಾಗಿ ಹೊರಬಿದ್ದಿದ್ದರೂ ನಾನು ಅದನ್ನು ಒಳ್ಳೆಯ ಒಪ್ಪಂದ ಎಂದೇ ಕರೆಯುತ್ತಿದ್ದೆ.