ಯಾವ ಸಂಪಿಗೆ ಬೇಕು?

ಎದುರುಮನೆಯ ಅಕ್ಕ ಮೊನ್ನೆ ಗೇಟಿನ ಹತ್ತಿರ ಕರೆದು ಕುಂಡವೊಂದನ್ನು ತೋರಿಸಿದರು. ಹೆಬ್ಬೆರಳು ದಪ್ಪದ ಬೂದು ಕಡ್ಡಿ, ತುದಿಯಲ್ಲಿ ಎರಡೇ ಎಲೆ. ‘ಬಿಳಿ ಸಂಪಿಗೆ ಅಂತ ಕೊಟ್ಟರು. ಹೌದಾ, ನೋಡಿ ಹೇಳಿ.’ ಎಲೆಯ ತುದಿ ಚಿವುಟಿದೆ. ಹಾಲು ಜಿನುಗಿತು. ಸಂಪಿಗೆಯಲ್ಲಿ ಹಾಲೆಲ್ಲಿಂದ ಬರಬೇಕು? ಅಕ್ಕ ನರ್ಸರಿಗೆ ಫೋನ್ ಮಾಡಿದರೆ, ‘ಅದೂ ಸಂಪಿಗೇನೇ ಮೇಡಂ, ಕಾಡುಸಂಪಿಗೆ’ ಎಂಬ ಉತ್ತರ ಬಂತು.

ಆತ ಹೇಳಿದ್ದು ಸುಳ್ಳಲ್ಲ, ತೊಂದರೆಯೂ ಅದೇ. ಕನ್ನಡದಲ್ಲಿ ಸಂಪಿಗೆ ಎಂಬುದು ಗಿಡದ ಹೆಸರಿಗಿಂತ ಹೆಚ್ಚಾಗಿ ಮೂಗು ಕೊಟ್ಟ ಬಿರುದು. ನಾಗಸಂಪಿಗೆ ಸುರಗಿಯ ದಾಯಾದಿ. ಅದರ ಮರ ಕೊಡಲಿಗೂ ಜಗ್ಗದಷ್ಟು ಗಟ್ಟಿ, ಶ್ರೀಲಂಕಾಕ್ಕೆ ಅದು ರಾಷ್ಟ್ರವೃಕ್ಷ. ನೆಲಸಂಪಿಗೆ ಶುಂಠಿಯ ಬಳಗದ್ದು. ಎಲೆ ಮೂಡುವ ಮುಂಚೆಯೇ ಮಣ್ಣಿನಿಂದ ಹೂ ತೆಗೆಯುತ್ತದೆ. ಹಸಿರುಸಂಪಿಗೆ ಎಂದರೆ ಮನೋರಂಜಿತ, ಸೀತಾಫಲದ ಕುಟುಂಬ. ಇವುಗಳಲ್ಲಿ ಅಸಲಿ ಸಂಪಿಗೆಗೆ ದೂರದ ನೆಂಟಸ್ತಿಕೆ ಇರುವುದು ಇದೊಂದಕ್ಕೇ.

ಅಸಲಿಯಾದ ಕೆಂಡಸಂಪಿಗೆಗೆ 1753ರಲ್ಲಿ ಲಿನೇಯಸ್ ಮೈಕೇಲಿಯ ಚಂಪಕ ಎಂದು ಹೆಸರಿಟ್ಟ. ಸಸ್ಯಶಾಸ್ತ್ರಜ್ಞರು ಆಮೇಲೆ ಮೈಕೇಲಿಯವನ್ನು ಅಳಿಸಿ ಮ್ಯಾಗ್ನೋಲಿಯ ಎಂದು ಬರೆದರು. ಇಟಲಿಯ ಸಸ್ಯವಿಜ್ಞಾನಿ ಮೈಕೇಲಿಯ ನೆನಪಿಗೆ ಇಟ್ಟ ಅರ್ಧ ಹೋಯಿತು, ನಮ್ಮ ಚಂಪಕ ಅಲುಗಲಿಲ್ಲ.

ಇನ್ನು ಅಕ್ಕನ ಕುಂಡದ ಗಿಡ, ಅಂದರೆ ಪ್ಲುಮೇರಿಯ. ತವರು ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ನಮ್ಮ ದೇವಸ್ಥಾನಗಳ ಅಂಗಳದಲ್ಲಿ ಅದನ್ನು ನೋಡಿದವರು ಪರದೇಶಿ ಎಂದರೆ ನಂಬುವುದಿಲ್ಲ. ಕಡು ಮೋಸದ ಹೂ ಬೇರೆ: ರಾತ್ರಿ ಘಮಘಮಿಸಿ ಪತಂಗಗಳನ್ನು ಕರೆಯುತ್ತದೆ, ಒಳಗೆ ಒಂದು ಹನಿ ಮಕರಂದವಿಲ್ಲ. ಅದರ ಘಮ ಹಿಡಿದು ಹೋದವರು ಕಾಡುಸಂಪಿಗೆ ಎಂದರು. ಆದರೆ ಯಾರೋ ಒಬ್ಬರು, ಬಹುಶಃ ಕೊಂಬೆ ಮುರಿದು ಕೈ ಅಂಟು ಮಾಡಿಕೊಂಡವರೇ ಇರಬೇಕು, ದೇವಕಣಗಿಲೆ ಎಂದು ಕರೆದರು. ನನ್ನ ಓಟು ಅವರಿಗೆ. ಕಣಗಿಲೆಯೂ ಪ್ಲುಮೇರಿಯವೂ ನಿಜಕ್ಕೂ ಒಂದೇ ಕುಟುಂಬದವು. ಐದು ದಳ, ಮೊಗ್ಗಿನಲ್ಲಿ ಛತ್ರಿಯಂತೆ ಸುತ್ತಿಕೊಂಡಿರುವ ರೀತಿ, ಗಾಯವಾದರೆ ಒಸರುವ ರಸ, ಎಲ್ಲ ಮನೆತನದ ಗುರುತುಗಳೇ. ಭೂತಗನ್ನಡಿ ಇಲ್ಲದೆ ಹಳ್ಳಿಯ ಕಣ್ಣು ಇದನ್ನು ಹಿಡಿದಿದೆ. ಸಂಪಿಗೆಯೋ, ದಳಗಳನ್ನು ಎಣಿಸುತ್ತಾ ಕೂತರೆ ಹತ್ತು ದಾಟುತ್ತದೆ.

ನರ್ಸರಿಗೆ ಹೋದಾಗ ಹೆಸರು ಕೇಳಿಯೇ ದುಡ್ಡು ಕೊಡಬೇಡಿ, ಎಲೆಯ ತುದಿ ಚಿವುಟಿ ನೋಡಿ; ಹಾಲು ಕಣ್ಣಿಗೆ ತಾಗದಿರಲಿ. ಸಂಪಿಗೆಯೇ ಬೇಕಿದ್ದರೆ ಕಸಿ ಗಿಡ ಕೇಳಿ. ಬೀಜದ ಸಸಿ ಹೂ ಬಿಡಲು ಎಂಟು ಹತ್ತು ವರ್ಷ ಕಾಯಿಸಬಹುದು, ಅಕ್ಕನಿಗೆ ಅಷ್ಟು ತಾಳ್ಮೆಯಿಲ್ಲ. ಆ ಬೂದು ಕಡ್ಡಿ ಈಗ ನಮ್ಮ ಕಾಂಪೌಂಡಿನಲ್ಲಿದೆ.