ಬಾಗದ ಮಂಡಿ

ನಾನು ಮಾಡಿದ ಎರಡು ನಿಮಿಷದ ಅನಿಮೇಷನ್ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಮುಗಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ಅಪ್ಪಂದು ಬಲಗಾಲು ಕಣೋ. ಎಡಗಾಲು ಚೆನ್ನಾಗೇ ಇತ್ತು."

ಚಿತ್ರದಲ್ಲಿರುವುದು ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ. ಪಂಚೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ಗದ್ದೆಯ ಬದುವಿನ ಮೇಲೆ ನಡೆದು ಹೋಗಿ, ಬಾವಿಯನ್ನು ಇಣುಕಿ ನೋಡಿ ಮನೆಗೆ ಹಿಂತಿರುಗುತ್ತಾರೆ. ಅಷ್ಟೇ ಕಥೆ. ಹೋಗುವಾಗ ಅವರ ಬಲಮಂಡಿ ಬಾಗುವುದಿಲ್ಲ. ಬರುವಾಗ ಎಡಮಂಡಿ ಬಾಗುವುದಿಲ್ಲ. ಹಿಂತಿರುಗುವ ಅಜ್ಜನನ್ನು ನಾನು ಬೇರೆಯಾಗಿ ಬರೆದಿರಲಿಲ್ಲ. ಬಲಕ್ಕೆ ಮುಖ ಮಾಡಿದ್ದ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಕನ್ನಡಿಯಂತೆ ಮಗುಚಿ ಎಡಕ್ಕೆ ನಡೆಸಿದ್ದೆ. ನನಗೆ ಅರ್ಧ ದಿನದ ಕೆಲಸ ಉಳಿದಿತ್ತು. ಅಮ್ಮನ ಪಾಲಿಗೆ ಅವಳ ಅಪ್ಪ ಅರ್ಧ ದಾರಿಯಲ್ಲಿ ಬೇರೆ ಯಾರೋ ಆಗಿಬಿಟ್ಟಿದ್ದರು.

ಅಂದಿನಿಂದ ಕಟ್‌ಔಟ್ ಅನಿಮೇಷನ್ ಚಿತ್ರಗಳನ್ನು ನಾನು ನೋಡುವ ಕ್ರಮವೇ ಬದಲಾಗಿದೆ. ಕಟೌಟ್ ಎಂದರೆ ನಮಗೆ ಮೊದಲು ನೆನಪಾಗುವುದು ಚಿತ್ರಮಂದಿರದ ಮುಂದೆ ಹಾರ ಹಾಕಿಸಿಕೊಂಡು ನಿಂತ ನಾಯಕನಟ. ಇದು ಬೇರೆ. ಪ್ರತಿ ಚಲನೆಗೂ ಹೊಸ ಚಿತ್ರ ಬರೆಯುವ ಬದಲು, ಒಂದೇ ಚಿತ್ರವನ್ನು ತಲೆ, ಮುಂಡ, ತೋಳು, ಮುಂಗೈ, ತೊಡೆ, ಕಾಲು ಎಂದು ಬಿಡಿಬಿಡಿಯಾಗಿಸಿ, ಕೀಲುಗಳಲ್ಲಿ ಜೋಡಿಸಿ ಆಡಿಸುವ ವಿಧಾನ. ಮೊದಲು ಇದಕ್ಕೆ ರಟ್ಟು, ಕತ್ತರಿ, ತಂತಿ ಬೇಕಿತ್ತು. ಈಗ ಕಾಗದದ ಮೇಲೆ ಕೈಯಿಂದ ಬರೆದದ್ದನ್ನು ಸ್ಕ್ಯಾನ್ ಮಾಡಿ, ಪ್ರತಿ ಭಾಗವನ್ನೂ ಬೇರೆ ಬೇರೆ ಪದರದಲ್ಲಿಟ್ಟು, ಯಾವುದು ಎಲ್ಲಿ ತಿರುಗಬೇಕೆಂದು ಬಿಂದು ಗುರುತಿಸಿದರೆ ಸಾಕು. ಮೊಣಕೈ ಬಾಗಿದಾಗ ಬಿರುಕು ಕಾಣದಂತೆ ತೋಳಿನ ತುದಿಯನ್ನೂ ಮುಂಗೈಯ ಬುಡವನ್ನೂ ದುಂಡಗೆ ಬರೆದು ಒಂದರ ಮೇಲೊಂದು ಕೂರಿಸಬೇಕು. ತೋಳಿನ ಹಿಂದೆ ಅಡಗಿರುವ ಪಕ್ಕೆಯನ್ನೂ ಬರೆದಿರಬೇಕು. ತೋಳು ಎತ್ತಿದಾಗ ಅಲ್ಲಿ ಖಾಲಿ ಜಾಗ ಕಾಣಬಾರದು.

ಈ ಕೆಲಸ ಕಲಿಯುವಾಗ ನನ್ನ ತಲೆಯಲ್ಲಿ ಕೂತಿದ್ದ ಲೆಕ್ಕ ಸರಳವಾಗಿತ್ತು: ಕೀಲು ಹೆಚ್ಚಿದಷ್ಟೂ ಪಾತ್ರಕ್ಕೆ ಜೀವ ಹೆಚ್ಚು. ಈಗ ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಪಾತ್ರ ಏನನ್ನು ಮಾಡಲಾರದು ಎಂಬುದನ್ನು ಬರೆಯುವಾಗಲೇ ನಿರ್ಧರಿಸಿದರೆ ಮಾತ್ರ ಅದು ಯಾರೋ ಒಬ್ಬರಾಗುತ್ತದೆ.

ಈ ಕಲೆಯ ಹಿರಿಯಜ್ಜಿ ಎನ್ನಬಹುದಾದ ಜರ್ಮನಿಯ ಲೊಟ್ಟೆ ರೈನಿಗರ್ (1899–1981) ಅವರ ಕೆಲಸ ನೋಡಿ. 1926ರಲ್ಲಿ ತೆರೆಕಂಡ ಅವರ 'ರಾಜಕುಮಾರ ಅಹ್ಮದನ ಸಾಹಸಗಳು' ಇಂದು ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲೇ ಅತ್ಯಂತ ಹಳೆಯದು. ಕಪ್ಪು ರಟ್ಟು, ತೆಳುವಾದ ಸೀಸದ ತಗಡು, ಅವನ್ನು ಜೋಡಿಸಲು ಸಣ್ಣ ತಂತಿ. ಕೆಳಗಿನಿಂದ ಬೆಳಕು, ಮೇಲೆ ಕ್ಯಾಮೆರಾ. ನೆರಳಿಗೆ ಕಣ್ಣಿಲ್ಲ, ತುಟಿಯಿಲ್ಲ. ಆದ್ದರಿಂದ ಪಾತ್ರದ ಗುಣವೆಲ್ಲ ಅಂಚಿನ ಗೆರೆಗೂ ಕೀಲಿಗೂ ಬರಬೇಕು. ಅವರ ಮಾಂತ್ರಿಕನ ಉದ್ದುದ್ದ ಬೆರಳುಗಳು ಜೇಡದಂತೆ ಚಾಚಿಕೊಳ್ಳುತ್ತವೆ. ಅವನು ಕೆಟ್ಟವನೆಂದು ಯಾರೂ ಹೇಳಬೇಕಿಲ್ಲ, ಆ ಕೈ ಸಾಕು.

ಕೀಲಿಗೆ ಅರ್ಥ ಕೊಡುವುದು ನಮಗೆ ಹೊಸದಲ್ಲ. ಕರ್ನಾಟಕದ ತೊಗಲು ಗೊಂಬೆಗಳಲ್ಲಿ ರಾಜರು, ದೇವರುಗಳ ಗೊಂಬೆ ದೊಡ್ಡದು, ಆಳುಕಾಳುಗಳದು ಚಿಕ್ಕದು ಎಂಬುದನ್ನು ಎಲ್ಲರೂ ಗಮನಿಸುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ವ್ಯತ್ಯಾಸ. ಸಿಂಹಾಸನ, ಪರಿವಾರದ ಸಮೇತ ಒಂದೇ ತೊಗಲಿನಲ್ಲಿ ಕೊರೆದ ಗೊಂಬೆಗಳು ಹೆಚ್ಚು ಅಲುಗುವುದಿಲ್ಲ. ಅವು ಪರದೆಯ ಮೇಲೆ ಬಂದು ನಿಲ್ಲುತ್ತವೆ, ಅಷ್ಟೆ. ಕುಣಿಯುವುದು, ಬಳುಕುವುದು, ಕೈಕಾಲು ಬೀಸುವುದು ಹಾಸ್ಯದ ಕಿಳ್ಳೇಕ್ಯಾತ, ಬಂಗಾರಕ್ಕರ ಪಾಲು. ದೊರೆಯ ಗೌರವ ಅವನು ಅಲುಗದಿರುವುದರಲ್ಲಿದೆ, ಬಡವನ ಸ್ವಾತಂತ್ರ್ಯ ಅವನ ಕೀಲುಗಳಲ್ಲಿದೆ. ಈ ಗೊಂಬೆಗಳನ್ನೂ ಮಗುಚುತ್ತಾರೆ. ಆಗ ಬಿಲ್ಲು ಎಡಗೈಯಿಂದ ಬಲಗೈಗೆ ಹೋಗುತ್ತದೆ, ನೋಡುವವರು ಆಕ್ಷೇಪಿಸುವುದಿಲ್ಲ. ರಾಮ ಎತ್ತ ತಿರುಗಿದರೂ ರಾಮನೇ. ನನ್ನ ಅಜ್ಜ ಹಾಗಲ್ಲ.

ಕಂಪ್ಯೂಟರಿನ ಕಾಲಕ್ಕೆ ಬಂದರೆ, ಅಮೆರಿಕದ ನೀನಾ ಪೇಲಿ 2008ರಲ್ಲಿ ಮಾಡಿದ 'ಸೀತಾ ಸಿಂಗ್ಸ್ ದ ಬ್ಲೂಸ್' ಈ ಮಾತಿಗೆ ಒಳ್ಳೆಯ ಪರೀಕ್ಷೆ. ಗಂಡ ಈಮೇಲಿನಲ್ಲಿ ಸಂಬಂಧ ಕಡಿದುಕೊಂಡ ತನ್ನ ಕಥೆಯನ್ನೂ ಸೀತೆಯ ಕಥೆಯನ್ನೂ ಹೆಣೆದು, ಬಹುಪಾಲು ಒಬ್ಬರೇ ಕೂತು ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದ ಚಿತ್ರ ಅದು. ಅದರ ಬಗ್ಗೆ ಬಂದ ಆಕ್ಷೇಪಗಳು ಬೇರೆ ಚರ್ಚೆ. ನನಗೆ ಮುಖ್ಯವಾದುದು, ಒಬ್ಬಳೇ ಸೀತೆಯನ್ನು ಪೇಲಿ ಹಲವು ಬಗೆಯಲ್ಲಿ ಬರೆದಿರುವುದು. 1920ರ ದಶಕದ ಆ್ಯನೆಟ್ ಹ್ಯಾನ್‌ಶಾ ಹಾಡುಗಳಿಗೆ ಕುಣಿಯುವ ಸೀತೆ ವೃತ್ತಗಳಿಂದ ಕಟ್ಟಿದ ಬೊಂಬೆ: ದೊಡ್ಡ ಕಣ್ಣು, ಸಣ್ಣ ನಡು. ಅವಳ ಚಲನೆ ಮತ್ತೆ ಮತ್ತೆ ಅದೇ. ಮೊದಲ ಸಲ ನೋಡಿದಾಗ ಇದು ಕೆಲಸ ಉಳಿಸುವ ಉಪಾಯ ಅನ್ನಿಸಿತ್ತು. ಎರಡನೆಯ ಸಲ ಹಾಗನ್ನಿಸಲಿಲ್ಲ. ಗಂಡ ಏನೇ ಮಾಡಿದರೂ ಅದೇ ಪ್ರೀತಿಗೆ, ಅದೇ ಭಂಗಿಗೆ ಮರಳುವ ಹೆಣ್ಣಿಗೆ ಆ ಪುನರಾವರ್ತನೆಯೇ ಸರಿ. ಅವಳ ಕೀಲುಗಳು ಅಷ್ಟಕ್ಕೇ ಬಿಟ್ಟಿವೆ. ಕಥೆ ಹೇಳುವ ಮೂರು ನೆರಳುಗೊಂಬೆಗಳಂತೂ ಹೆಚ್ಚು ಅಲುಗುವುದೇ ಇಲ್ಲ. ರಾಮಾಯಣವನ್ನು ತಡವರಿಸುತ್ತಾ, ಒಬ್ಬರನ್ನೊಬ್ಬರು ತಿದ್ದುತ್ತಾ ಮಾತಾಡುವ ದನಿಗಳೇ ಅವುಗಳ ಮೈ.

ಆದರೆ ಅಗ್ನಿಪರೀಕ್ಷೆಯ ನೃತ್ಯದೃಶ್ಯವೊಂದರಲ್ಲಿ ಪೇಲಿ ಈ ಬೊಂಬೆಯನ್ನು ಕೈಬಿಡುತ್ತಾರೆ. ನಿಜವಾದ ನರ್ತಕಿಯೊಬ್ಬರ ಚಲನೆಯನ್ನು ಚಿತ್ರೀಕರಿಸಿ, ಅದರ ಮೇಲೆ ಗೆರೆ ಎಳೆದು ಸೀತೆಯನ್ನು ಕುಣಿಸುತ್ತಾರೆ. ಆ ದೃಶ್ಯ ಸೊಗಸಾಗಿದೆ. ಆದರೂ ನನ್ನ ತಕರಾರು ಇಲ್ಲೇ. ಅಷ್ಟು ಹೊತ್ತು ಕೀಲುಗಳ ಮಿತಿಯಲ್ಲೇ ನಮ್ಮನ್ನು ನಗಿಸಿ ಅಳಿಸಿದ ಬೊಂಬೆಯನ್ನು, ಅತಿ ದೊಡ್ಡ ಸಂಕಟದ ಹೊತ್ತಿನಲ್ಲಿ ನಂಬದೆ ಹೋದರಲ್ಲ ಅನ್ನಿಸುತ್ತದೆ. ಆ ದೃಶ್ಯದಲ್ಲೂ ಆ ವೃತ್ತಗಳ ಸೀತೆ ತನ್ನ ಹಳೆಯ ಭಂಗಿಯಲ್ಲೇ ನಿಂತಿದ್ದರೆ? ಇದಕ್ಕೆ ಎದುರು ವಾದವೂ ಇದೆ: ಬೊಂಬೆಯ ಒಳಗೊಂದು ನಿಜವಾದ ಮೈ ಇತ್ತು ಎಂದು ತೋರಿಸಲು ಆ ಒಡೆತ ಬೇಕೇ ಬೇಕಿತ್ತು. ನಾನು ಇನ್ನೂ ಒಂದು ಕಡೆ ವಾಲಿಲ್ಲ.

ದೃಶ್ಯ ಕಟ್ಟುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ರಷ್ಯಾದ ಯೂರಿ ನಾರ್ಸ್ಟೀನ್ ಅವರ 'ಮಂಜಿನಲ್ಲಿ ಮುಳ್ಳುಹಂದಿ' (1975) ಹತ್ತು ನಿಮಿಷದ ಚಿತ್ರ. ಪಾತ್ರಗಳನ್ನು ಬರೆದವರು ಅವರ ಪತ್ನಿ ಫ್ರಾಂಚೆಸ್ಕಾ ಯಾರ್ಬುಸೋವಾ. ಅದರ ಮಂಜು ಯಾವ ಯಂತ್ರದಿಂದಲೂ ಬಂದದ್ದಲ್ಲ. ತೀರಾ ತೆಳುವಾದ ಕಾಗದವನ್ನು ಚಿತ್ರದ ಮೇಲಿಟ್ಟು, ಒಂದೊಂದು ಚೌಕಟ್ಟಿಗೂ ಸ್ವಲ್ಪ ಸ್ವಲ್ಪವೇ ಕ್ಯಾಮೆರಾದ ಕಡೆಗೆ ಎತ್ತುತ್ತಾ ಹೋಗಿದ್ದು. ಇವತ್ತು ಒಂದು ಗುಂಡಿ ಸರಿಸಿದರೆ ಮಂಜು ಬರುತ್ತದೆ. ಬರಲಿ. ಆದರೆ ನಾರ್ಸ್ಟೀನ್ ಮಂಜಿನಲ್ಲಿ ಏನು ಕಾಣಬಾರದು ಎಂದು ಮೊದಲು ಯೋಚಿಸಿದ್ದಾರೆ. ನಾನು ಅಜ್ಜನ ಗದ್ದೆಯಲ್ಲಿ ತೆಂಗು, ಬೆಟ್ಟ, ಮೋಡ ಎಲ್ಲವನ್ನೂ ಬೇರೆ ಬೇರೆ ಪದರದಲ್ಲಿಟ್ಟು ಬೇರೆ ಬೇರೆ ವೇಗದಲ್ಲಿ ಸರಿಸಿದ್ದೆ. ಅದು ಸಾಧ್ಯವಿತ್ತು, ಅದಕ್ಕೇ ಮಾಡಿದ್ದೆ. ಸಾಲದ್ದಕ್ಕೆ ಬಾವಿಯ ಹತ್ತಿರ ಅಜ್ಜನ ಚಿತ್ರವನ್ನು ಹಿಗ್ಗಿಸಿದಾಗ ಅವರ ಗೆರೆಯೂ ದಪ್ಪವಾಗಿ, ತೆಳುಗೆರೆಯ ಬಾವಿಯ ಪಕ್ಕದಲ್ಲಿ ಅವರು ಅಂಟಿಸಿದ ಚೀಟಿಯಂತೆ ಕಾಣುತ್ತಿದ್ದರು.

ಒಂದು ಕಡೆ ಮಾತ್ರ ನಾನು ಗೆದ್ದೆ ಅನ್ನಿಸುತ್ತದೆ. ಚಿತ್ರದ ಕೊನೆಗೆ ಜಗಲಿಯ ಮೇಲೆ ನಿಂತ ಪುಟ್ಟ ಹುಡುಗಿ "ಅಪ್ಪಾ" ಎಂದು ಕೂಗುತ್ತಾಳೆ. ಮಾತಿಗೆ ತಕ್ಕಂತೆ ಬಾಯಿ ಆಡಿಸಲು ಸಿಗುವ ಸಿದ್ಧ ಬಾಯಿಗಳ ಪಟ್ಟಿ ಇಂಗ್ಲಿಷಿಗಾಗಿ ಮಾಡಿದ್ದು. ಅದರ ಪ್ರಕಾರ ತುಟಿ ಮುಚ್ಚಿ ಚಕ್ಕನೆ ತೆರೆದರೆ "ಅಪಾ" ಎಂದಂತೆ ಕಾಣುತ್ತಿತ್ತು. ನಮ್ಮ ಒತ್ತಕ್ಷರಕ್ಕೆ ತುಟಿ ಇನ್ನೊಂದಿಷ್ಟು ಹೊತ್ತು ಮುಚ್ಚಿಯೇ ಇರಬೇಕು. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಎರಡರ ಬದಲು ಐದು ಚೌಕಟ್ಟು ಮುಚ್ಚಿಟ್ಟೆ. ಆಗ ಹುಡುಗಿ ಕನ್ನಡದಲ್ಲಿ ಕೂಗಿದಳು. ಅಲುಗಿಸದೆ ಬಿಟ್ಟ ಆ ಮೂರು ಚೌಕಟ್ಟುಗಳಲ್ಲಿ ನಮ್ಮ ನುಡಿ ಇತ್ತು.

ಅಮ್ಮ ಹೇಳಿದ ಮೇಲೆ ಎಡಕ್ಕೆ ಮುಖ ಮಾಡಿದ ಅಜ್ಜನನ್ನು ಬೇರೆಯಾಗಿ ಬರೆಯಲು ಕೂತೆ. ಬಲಗಾಲಿಗೆ ಮಂಡಿಯ ಕೀಲು ಬೇಡ, ತೊಡೆಯಿಂದ ಪಾದದವರೆಗೆ ಒಂದೇ ತುಂಡು ಎಂದು ನಿರ್ಧರಿಸಿದೆ. ಆದರೆ ಎಡಕ್ಕೆ ತಿರುಗಿದಾಗ ಆ ಕಾಲು ಆಚೆ ಬದಿಗೆ ಹೋಗಿ, ಈಚೆಯ ಕಾಲಿನ ಹಿಂದೆ ಮರೆಯಾಗುತ್ತದೆ. ಬಾಗದ ಕಾಲನ್ನು ಅವರು ಹೇಗೆ ಮುಂದಕ್ಕೆ ತರುತ್ತಿದ್ದರು? ಎಳೆಯುತ್ತಿದ್ದರೋ, ಹೊರಗಿನಿಂದ ಸುತ್ತಿಸಿ ತರುತ್ತಿದ್ದರೋ? ಹದಿನೈದು ವರ್ಷ ಅವರ ಹಿಂದೆ ಮುಂದೆ ಓಡಾಡಿದವನಿಗೆ ಇದು ನೆನಪಿರಲಿಲ್ಲ.

ಅಮ್ಮನನ್ನು ಕೇಳಿದೆ. ಅವಳು ಬಾಯಲ್ಲಿ ಹೇಳಲು ಹೋಗಿ ನಿಲ್ಲಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಭುಜವನ್ನು ಚೂರು ಇಳಿಸಿ, ಬಲಗಾಲನ್ನು ಹೊರಗಿನಿಂದ ಸುತ್ತಿಸಿ ತರುತ್ತಾ ನಡುಮನೆಯ ಆ ತುದಿಗೆ ನಡೆದು, ತಿರುಗಿ ಬಂದಳು. "ಹೀಗೆ. ಬರೀ ಕಾಲಲ್ಲ, ಭುಜ ನೋಡು" ಎಂದಳು.

ಭುಜಕ್ಕೆ ನಾನು ಕೀಲನ್ನೇ ಇಟ್ಟಿರಲಿಲ್ಲ.